ಕಾರ್ಖಾನೆಯ ಹೊಗೆಗೆ ಲಗಾಮು: ರೈತನಿಗೆ ಏನು ಲಾಭ?



ಹುಮನಾಬಾದ್ ಪಟ್ಟಣದ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಹಾಗೂ ಔಷಧ ತಯಾರಿಕೆಯ ಘಟಕಗಳಿವೆ. ಅಲ್ಲಿಂದ ಬರುವ ದುರ್ವಾಸನೆ ಮತ್ತು ಹೊಗೆಯ ಬಗ್ಗೆ ಸುತ್ತಲಿನ ಹಳ್ಳಿಗಳ ಜನರು ಹಲವು ವರ್ಷಗಳಿಂದ ದೂರು ಕೊಡುತ್ತಲೇ ಬಂದಿದ್ದಾರೆ. ಅದೇ ಹಳ್ಳಿಗಳ ಯುವಕರು ಅದೇ ಘಟಕಗಳಲ್ಲಿ ದುಡಿಯುತ್ತಲೂ ಇದ್ದಾರೆ. ಹೀಗಾಗಿ ಪ್ರತಿ ಊರ ಕಟ್ಟೆಯ ಮೇಲೂ ಎರಡು ಮಾತು ಕೇಳುತ್ತವೆ. "ಈ ವಾಸನೆಯಲ್ಲಿ ಬಾಳುವುದು ಹೇಗೆ?" ಎಂಬುದು ಒಂದು. "ಕಾನೂನು ಬಿಗಿ ಮಾಡಿದರೆ ಕಾರ್ಖಾನೆ ಮುಚ್ಚುತ್ತದೆ, ಮಕ್ಕಳ ಕೂಲಿ ಹೋಗುತ್ತದೆ" ಎಂಬುದು ಇನ್ನೊಂದು.

ಈ ಎರಡನೆಯ ಮಾತು ಎಷ್ಟರ ಮಟ್ಟಿಗೆ ನಿಜ? ಹೊಗೆಯನ್ನು ಕಾನೂನಿನಿಂದ ಹಿಡಿದಿಟ್ಟರೆ ನಷ್ಟವೋ, ಲಾಭವೋ? ಲಾಭವಾದರೆ ಅದು ಯಾರ ಕೈ ಸೇರುತ್ತದೆ? ಬಸವಕಲ್ಯಾಣ, ಹುಮನಾಬಾದ್ ಸೀಮೆಯ ರೈತರು ಈ ಲೆಕ್ಕವನ್ನು ತಿಳಿದುಕೊಳ್ಳಬೇಕಾದ ಕಾಲ ಬಂದಿದೆ.

ಕಾನೂನು ಹೇಳುವುದೇನು?

1972ರ ಜೂನ್ ತಿಂಗಳಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಪರಿಸರದ ಬಗ್ಗೆ ವಿಶ್ವಸಂಸ್ಥೆಯ ಸಮ್ಮೇಳನ ನಡೆಯಿತು. ಅಲ್ಲಿನ ತೀರ್ಮಾನಗಳನ್ನು ಜಾರಿಗೆ ತರಲೆಂದು ನಮ್ಮ ಸಂಸತ್ತು 1981ರಲ್ಲಿ ವಾಯು ಮಾಲಿನ್ಯ ನಿಯಂತ್ರಣ ಕಾಯಿದೆಯನ್ನು ಮಾಡಿತು. 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ಒಂದೇ ರಾತ್ರಿಯಲ್ಲಿ ಸಾವಿರಾರು ಜನರ ಮೇಲೆ ವಿಷಾನಿಲ ಹಾಯ್ದ ಮೇಲೆ, 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆಯೂ ಬಂದಿತು.

ವಾಯು ಕಾಯಿದೆಯ ತಿರುಳು ಸರಳವಾಗಿದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರವಿಲ್ಲದೆ ಕಾರ್ಖಾನೆ ಕಟ್ಟುವಂತಿಲ್ಲ, ನಡೆಸುವಂತಿಲ್ಲ. ಹೊಗೆಕೊಳವೆ ಎಷ್ಟು ಎತ್ತರ ಇರಬೇಕು, ಹೊಗೆಯಲ್ಲಿ ಎಷ್ಟು ಧೂಳು ಇರಬಹುದು, ಯಾವ ಯಂತ್ರ ಕೂಡಿಸಿ ಅದನ್ನು ಹಿಡಿಯಬೇಕು ಎಂಬುದೆಲ್ಲ ಆ ಪತ್ರದಲ್ಲಿ ಬರೆದಿರುತ್ತದೆ. ನಮಗೆ ಪರಿಚಯದ ಎರಡು ಉದಾಹರಣೆ ನೋಡಿ. ಕಬ್ಬಿನ ಸಿಪ್ಪೆ ಉರಿಸುವ ಸಕ್ಕರೆ ಕಾರ್ಖಾನೆಯ ಬಾಯ್ಲರ್‌ನಿಂದ ಹೊರಡುವ ಹೊಗೆಯ ಒಂದು ಘನ ಮೀಟರಿನಲ್ಲಿ 150 ಮಿಲಿಗ್ರಾಂಗಿಂತ ಹೆಚ್ಚು ಧೂಳು ಇರಬಾರದೆಂದು 2016ರ ನಿಯಮ ಹೇಳುತ್ತದೆ. ಇಟ್ಟಿಗೆ ಭಟ್ಟಿಗಳ ಬಗ್ಗೆ 2022ರ ಫೆಬ್ರವರಿಯಲ್ಲಿ ಬಂದ ಅಧಿಸೂಚನೆಯಂತೆ, ಹೊಸ ಭಟ್ಟಿಯು ಜನವಸತಿಯಿಂದಲೂ ಹಣ್ಣಿನ ತೋಟದಿಂದಲೂ ಕನಿಷ್ಠ 800 ಮೀಟರ್ ದೂರ ಇರಬೇಕು. ಮನುಷ್ಯನ ಉಸಿರಿನ ಜೊತೆಗೆ ಮಾವು, ಪೇರಲ ಗಿಡಗಳ ಉಸಿರನ್ನೂ ಕಾನೂನು ಲೆಕ್ಕಕ್ಕೆ ಹಿಡಿದಿದೆ ಎಂಬುದನ್ನು ಗಮನಿಸಿ.

ಖರ್ಚು ಎಷ್ಟು, ಗಳಿಕೆ ಎಷ್ಟು?

ಧೂಳು ಹಿಡಿಯುವ ಯಂತ್ರಕ್ಕೆ ಹಣ ಬೇಕು, ವಿದ್ಯುತ್ ಬೇಕು, ನೋಡಿಕೊಳ್ಳಲು ಆಳು ಬೇಕು. ಕಾರ್ಖಾನೆಯವರು ಖರ್ಚು ಎನ್ನುವುದು ಸುಳ್ಳಲ್ಲ. ಆದರೆ ಆ ಖರ್ಚಿನಿಂದ ಉಳಿಯುವುದು ಎಷ್ಟು ಎಂದು ಲೆಕ್ಕ ಹಾಕಿದವರಿದ್ದಾರೆ.

ಗುಜರಾತದ ಸೂರತ್ ನಗರ ಬಟ್ಟೆ ಗಿರಣಿಗಳ ಊರು. ಅಲ್ಲಿ 2019ರಲ್ಲಿ ಒಂದು ಹೊಸ ಪ್ರಯೋಗ ಆರಂಭವಾಯಿತು. ಹೊಗೆಕೊಳವೆಗಳಿಗೆ ಸದಾ ಅಳೆಯುವ ಯಂತ್ರ ಕೂಡಿಸಲಾಯಿತು. ಎಲ್ಲ ಘಟಕಗಳೂ ಸೇರಿ ಬಿಡಬಹುದಾದ ಧೂಳಿಗೆ ಒಂದು ಒಟ್ಟು ಮಿತಿ ಇಟ್ಟು, ಅದನ್ನು ಪಾಲುಗಳಾಗಿ ಹಂಚಲಾಯಿತು. ತನ್ನ ಪಾಲಿಗಿಂತ ಕಡಿಮೆ ಧೂಳು ಬಿಟ್ಟ ಗಿರಣಿ ಉಳಿದ ಪಾಲನ್ನು ಮಾರಬಹುದು, ಹೆಚ್ಚು ಬಿಟ್ಟವನು ಕೊಂಡುಕೊಳ್ಳಬೇಕು. ಕಾಲುವೆಯ ನೀರಿಗೆ ಸರದಿ ಹಚ್ಚಿ ಹಂಚಿಕೊಂಡ ಹಾಗೆ. ಫಲವೇನು? ಧೂಳು ಶೇಕಡಾ 20ರಿಂದ 30ರಷ್ಟು ಇಳಿಯಿತು. ಧೂಳು ತಗ್ಗಿಸುವ ಖರ್ಚೂ ಹಳೆಯ ಪದ್ಧತಿಗಿಂತ ಕಡಿಮೆಯಾಯಿತು. ಖರ್ಚಿಗೆ ಹೋಲಿಸಿದರೆ ಜನರ ಆಯುಷ್ಯ, ಆರೋಗ್ಯದಲ್ಲಿ ಉಳಿದದ್ದು ಕನಿಷ್ಠ 25 ಪಟ್ಟು ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಕೊಟ್ಟಿದ್ದಾರೆ.

ಅಮೆರಿಕದ ಲೆಕ್ಕವೂ ಇದೇ ದಿಕ್ಕಿನಲ್ಲಿದೆ. ಅಲ್ಲಿ 1970ರಲ್ಲಿ ಬಂದ ಗಾಳಿ ಶುದ್ಧಿ ಕಾಯಿದೆಯನ್ನು 1990ರಲ್ಲಿ ಬಿಗಿಗೊಳಿಸಲಾಯಿತು. ಆ ಬಿಗಿಯಿಂದ 2020ರ ಹೊತ್ತಿಗೆ ಆಗುವ ಲಾಭ, ಅದಕ್ಕೆ ತಗಲುವ ಖರ್ಚಿನ ಸುಮಾರು 30 ಪಟ್ಟು ಎಂದು ಅಲ್ಲಿನ ಪರಿಸರ ಇಲಾಖೆ 2011ರಲ್ಲಿ ವರದಿ ಮಾಡಿತು. 1970ರಿಂದ 2020ರವರೆಗೆ ಆರು ಮುಖ್ಯ ಮಾಲಿನ್ಯಗಳು ಒಟ್ಟಾರೆ ಶೇಕಡಾ 78ರಷ್ಟು ಇಳಿದವು. ಅದೇ ಅವಧಿಯಲ್ಲಿ ಆ ದೇಶದ ಉತ್ಪನ್ನ ಮೂರು ಪಟ್ಟಿಗಿಂತ ಹೆಚ್ಚಾಯಿತು. ಲಗಾಮು ಹಾಕಿದ ಮಾತ್ರಕ್ಕೆ ಕುದುರೆ ಸಾಯುವುದಿಲ್ಲ, ದಾರಿ ಹಿಡಿದು ಓಡುತ್ತದೆ.

ಕಾರ್ಖಾನೆಗೂ ಇದರಲ್ಲಿ ಪಾಲು ಇದೆ. ನೆರೆಯ ಕಲಬುರಗಿ ಜಿಲ್ಲೆಯ ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳಿರುವುದು ನಿಮಗೆ ಗೊತ್ತು. ಸಿಮೆಂಟ್ ಅರೆಯುವ ಗಿರಣಿಯಲ್ಲಿ ಬಟ್ಟೆಯ ಚೀಲಗಳಂಥ ಸೋಸುಕಗಳು ಹಿಡಿಯುವ ಧೂಳು ಬೇರೇನೂ ಅಲ್ಲ, ಮಾರಾಟದ ಸಿಮೆಂಟೇ. ಔಷಧ ಘಟಕದಲ್ಲಿಯೂ ಹಾಗೆಯೇ. ನಮ್ಮ ಮೂಗಿಗೆ ಬಡಿಯುವ ಘಾಟಿನಲ್ಲಿ ಬಹುಪಾಲು ಅವರು ಹಣ ಕೊಟ್ಟು ಕೊಂಡ ದ್ರಾವಕದ ಆವಿ. ಅದನ್ನು ತಂಪು ಮಾಡಿ ಮತ್ತೆ ದ್ರವವಾಗಿಸಿ ಹಿಡಿದರೆ ಮರುಬಳಕೆ ಆಗುತ್ತದೆ. ಗಾಳಿಗೆ ಬಿಟ್ಟದ್ದು ಅವರಿಗೂ ನಷ್ಟ, ನಮಗೂ ರೋಗ.

ರೋಗದ ಲೆಕ್ಕ

2019ರಲ್ಲಿ ಭಾರತದಲ್ಲಿ ವಾಯು ಮಾಲಿನ್ಯದಿಂದ ಸುಮಾರು 16.7 ಲಕ್ಷ ಸಾವುಗಳಾದವೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಅದು ಆ ವರ್ಷದ ಒಟ್ಟು ಸಾವುಗಳಲ್ಲಿ ಸುಮಾರು ಆರಕ್ಕೆ ಒಂದು. ಅಕಾಲ ಮರಣ ಮತ್ತು ರೋಗದಿಂದ ದೇಶಕ್ಕೆ ಆದ ನಷ್ಟ ಒಟ್ಟು ಉತ್ಪನ್ನದ ಶೇಕಡಾ 1.36ರಷ್ಟು, ಅಂದರೆ ಸುಮಾರು 2.6 ಲಕ್ಷ ಕೋಟಿ ರೂಪಾಯಿ.

ಇಷ್ಟು ದೊಡ್ಡ ಸಂಖ್ಯೆ ಓದಿದಾಗ ಅದು ದಿಲ್ಲಿಯವರ ಸಂಗತಿ ಎನಿಸಬಹುದು. ಆದ್ದರಿಂದ ನಮ್ಮ ಮನೆಯ ಲೆಕ್ಕ ಹಾಕಿ ನೋಡೋಣ. ದುಡಿಯುವ ಒಬ್ಬ ಮನುಷ್ಯ ಕೆಮ್ಮು, ಉಬ್ಬಸದಿಂದ ತಿಂಗಳಿಗೆ ಮೂರು ದಿನ ಮಲಗಿದ ಎನ್ನಿ. ದಿನಕ್ಕೆ 400 ರೂಪಾಯಿ ಕೂಲಿ ಹಿಡಿದರೂ ವರ್ಷಕ್ಕೆ 14,400 ರೂಪಾಯಿ ಹೋಯಿತು. ಔಷಧದ ಖರ್ಚು, ಬೀದರಿಗೋ ಕಲಬುರಗಿಗೋ ಹೋಗಿ ಬರುವ ಬಸ್ಸಿನ ಖರ್ಚು, ಜೊತೆಗೆ ಹೋದವರ ಕೂಲಿ ಬೇರೆ. ಕಾರ್ಖಾನೆ ತನ್ನ ಹೊಗೆ ಸೋಸದೆ ಉಳಿಸಿದ ಖರ್ಚು ಮಾಯವಾಗುವುದಿಲ್ಲ. ಅದು ಹೀಗೆ ನಮ್ಮ ಹಳ್ಳಿಯ ಮನೆಗಳ ಖರ್ಚಿನ ಪುಸ್ತಕಕ್ಕೆ ಬಂದು ಕೂಡುತ್ತದೆ. ಕಾನೂನು ಮಾಡುವ ಕೆಲಸ ಇಷ್ಟೇ: ಆ ಖರ್ಚನ್ನು ಅದು ಹುಟ್ಟಿದ ಜಾಗಕ್ಕೆ ಹಿಂದಕ್ಕೆ ಕಳಿಸುವುದು.

ಬೆಳೆಯ ಲೆಕ್ಕ

ಹೊಗೆ ಬೆಳೆಯನ್ನು ಎರಡು ರೀತಿಯಲ್ಲಿ ತಿನ್ನುತ್ತದೆ. ಮೊದಲನೆಯದು ಕಣ್ಣಿಗೆ ಕಾಣುವ ಧೂಳು. ಎಲೆಯ ಮೇಲೆ ಧೂಳು ಕುಳಿತರೆ ಬಿಸಿಲು ಒಳಗೆ ಹೋಗುವುದಿಲ್ಲ, ಎಲೆಯ ರಂಧ್ರಗಳು ಮುಚ್ಚುತ್ತವೆ, ಗಿಡ ಬೇಕಾದಷ್ಟು ಆಹಾರ ತಯಾರಿಸಲಾರದು. ಬಳ್ಳಾರಿ, ಸಂಡೂರು ಸೀಮೆಯ ರೈತರು ಅದಿರಿನ ಕೆಂಪು ಧೂಳಿನಿಂದ ಇದನ್ನು ಅನುಭವಿಸಿದ್ದಾರೆ. ಲೋಕಾಯುಕ್ತರ ವರದಿಗಳಾದ ಮೇಲೆ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಅನಂತರ ನಿಯಮಗಳ ಅಡಿಯಲ್ಲಿ ಗಣಿಗಳು ಮತ್ತೆ ತೆರೆದವು. ಆದರೆ ಗಣಿ ಬಾಧಿತ ಜಿಲ್ಲೆಗಳ ನೆಲ, ನೀರು, ಜನಜೀವನವನ್ನು ಸರಿಪಡಿಸಲು ಹಾಕಿಕೊಂಡ ಯೋಜನೆಯ ಮೊತ್ತ ಸುಮಾರು 25,000 ಕೋಟಿ ರೂಪಾಯಿ! ವೇಳೆಗೆ ಸರಿಯಾಗಿ ಧೂಳು ಹಿಡಿದಿದ್ದರೆ ಇಷ್ಟು ತಗಲುತ್ತಿರಲಿಲ್ಲ.

ಎರಡನೆಯದು ಕಣ್ಣಿಗೆ ಕಾಣದ ಓಜೋನ್ ಅನಿಲ. ಆಕಾಶದ ಮೇಲ್ಪದರದಲ್ಲಿ ಇದು ನಮ್ಮನ್ನು ಕಾಯುತ್ತದೆ, ನೆಲದ ಹತ್ತಿರ ಇದ್ದರೆ ವಿಷ. ವಾಹನ ಮತ್ತು ಬಾಯ್ಲರ್‌ಗಳ ಹೊಗೆಯೂ ಕಾರ್ಖಾನೆಯ ದ್ರಾವಕಗಳ ಆವಿಯೂ ಕೂಡಿ, ಬಿಸಿಲಿನಲ್ಲಿ ಇದು ಹುಟ್ಟುತ್ತದೆ. ಹುಮನಾಬಾದ್, ಬಸವಕಲ್ಯಾಣ ತಾಲ್ಲೂಕುಗಳ ನಡುವೆ ಹಾಯುವ ಸೋಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಹಗಲು ರಾತ್ರಿ ಲಾರಿಗಳು ಓಡುವುದನ್ನು ನೀವು ಬಲ್ಲಿರಿ. ಓಜೋನ್ ಎಲೆಯ ರಂಧ್ರದಿಂದ ಒಳಹೊಕ್ಕು ಗಿಡವನ್ನು ಸೊರಗಿಸುತ್ತದೆ. 2005ರ ಒಂದೇ ವರ್ಷದಲ್ಲಿ ಓಜೋನಿನಿಂದ ನಮ್ಮ ದೇಶ ಸುಮಾರು 35 ಲಕ್ಷ ಟನ್ ಗೋಧಿ, 21 ಲಕ್ಷ ಟನ್ ಭತ್ತದ ಫಸಲು ಕಳೆದುಕೊಂಡಿತೆಂದು ವಿಜ್ಞಾನಿಗಳು 2014ರಲ್ಲಿ ಅಂದಾಜು ಕೊಟ್ಟರು.

ನಮ್ಮ ಸೋಯಾಬೀನ್ ಕೂಡ ಓಜೋನಿಗೆ ಬೇಗ ಬಗ್ಗುವ ಬೆಳೆ. ಅಮೆರಿಕದಲ್ಲಿ 1999ರಿಂದ 2019ರವರೆಗೆ ಮೆಕ್ಕೆಜೋಳ ಮತ್ತು ಸೋಯಾಬೀನ್ ಇಳುವರಿಯಲ್ಲಿ ಕಂಡ ಏರಿಕೆಯ ಸುಮಾರು ಐದರಲ್ಲಿ ಒಂದು ಪಾಲು ಗಾಳಿ ಶುದ್ಧವಾದದ್ದರಿಂದ ಬಂದದ್ದು ಎಂದು 2021ರ ಒಂದು ಅಧ್ಯಯನ ತೋರಿಸಿತು. ಬೀಜ ಬದಲಿಸದೆ, ಗೊಬ್ಬರ ಹೆಚ್ಚಿಸದೆ ಸಿಕ್ಕ ಇಳುವರಿ ಅದು. ಈ ಲೆಕ್ಕವನ್ನು ನಮ್ಮ ಹೊಲಕ್ಕೆ ಇದ್ದ ಹಾಗೆ ಹಚ್ಚಲಾಗದು. ನಾವು ಸೋಯಾ ಬೆಳೆಯುವುದು ಮುಂಗಾರಿನಲ್ಲಿ, ಮೋಡ ಮಳೆ ಇದ್ದಾಗ ಓಜೋನ್ ಕಡಿಮೆ. ನಮಗೆ ಹೆಚ್ಚು ಎಚ್ಚರ ಬೇಕಾದದ್ದು ಹಿಂಗಾರಿನಲ್ಲಿ, ಆಕಾಶ ತಿಳಿಯಾಗಿ ಬಿಸಿಲು ಚುರುಕಾದಾಗ, ಹೊಲದಲ್ಲಿ ಕಡಲೆ, ಗೋಧಿ, ಬಿಳಿಜೋಳ ನಿಂತಿರುವಾಗ.

ಅಳೆಯುವವನಿಗೆ ಕೂಲಿ ಕೊಡುವವರು ಯಾರು?

ಇಷ್ಟೆಲ್ಲ ಲಾಭವಿದ್ದರೆ ನಮಗೇಕೆ ಇನ್ನೂ ಪೂರ್ತಿ ಸಿಕ್ಕಿಲ್ಲ ಎಂದು ನೀವು ಕೇಳುವುದು ನ್ಯಾಯ. ಉತ್ತರ ತಕ್ಕಡಿಯಲ್ಲಿದೆ. ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ತೂಕ ಸರಿಯಿಲ್ಲದಿದ್ದರೆ, ಟನ್ನಿಗೆ ಎಷ್ಟು ದರ ಕೊಟ್ಟರೂ ರೈತನಿಗೆ ಉಪಯೋಗವಿಲ್ಲ. ಹೊಗೆಯ ತೂಕವೂ ಹಾಗೆಯೇ.

ಗುಜರಾತದಲ್ಲಿ 2009ರಿಂದ 2011ರವರೆಗೆ ಇದನ್ನೇ ಪರೀಕ್ಷೆ ಮಾಡಿದರು. ಅಲ್ಲಿ ಹೊಗೆ ಅಳೆಯುವ ಖಾಸಗಿ ಪರೀಕ್ಷಕರನ್ನು ಕಾರ್ಖಾನೆಯವರೇ ಆರಿಸುತ್ತಿದ್ದರು, ಹಣವನ್ನೂ ಅವರೇ ಕೊಡುತ್ತಿದ್ದರು. ವರದಿಯಲ್ಲಿ ಹೊಗೆ ಮಿತಿಯ ಒಳಗೇ ಇರುತ್ತಿತ್ತು. ಮತ್ತೊಮ್ಮೆ ಸ್ವತಂತ್ರವಾಗಿ ಅಳೆದಾಗ ಮಿತಿ ಮೀರಿದ್ದು ಕಂಡುಬಂತು. ಅನಂತರ ಕೆಲವು ಕಾರ್ಖಾನೆಗಳಿಗೆ ಚೀಟಿ ಎತ್ತಿದ ಹಾಗೆ ಪರೀಕ್ಷಕರನ್ನು ಹಂಚಿ, ಹಣವನ್ನು ಒಂದು ಸಾಮಾನ್ಯ ನಿಧಿಯಿಂದ ಕೊಟ್ಟು, ಅವರ ಕೆಲಸವನ್ನು ಅಲ್ಲಲ್ಲಿ ಮರುತಪಾಸಣೆ ಮಾಡಿದರು. ಕೂಡಲೇ ವರದಿಗಳು ಸತ್ಯ ಹೇಳತೊಡಗಿದವು. ಆ ಕಾರ್ಖಾನೆಗಳ ಮಾಲಿನ್ಯವೂ ಇಳಿಯಿತು. ಕಾನೂನು ಅದೇ, ಕಾರ್ಖಾನೆಯೂ ಅದೇ. ಬದಲಾದದ್ದು ತಕ್ಕಡಿ ಹಿಡಿದವನ ಕೂಲಿಯ ದಾರಿ ಮಾತ್ರ.

ಶಿಕ್ಷೆಯ ಸ್ವರೂಪವೂ ಈಗ ಬದಲಾಗಿದೆ. 2023ರ ತಿದ್ದುಪಡಿಯಿಂದ ವಾಯು ಕಾಯಿದೆಯ ಹಲವು ತಪ್ಪುಗಳಿಗೆ ಜೈಲಿನ ಬದಲು 10,000 ರೂಪಾಯಿಯಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ. ಇದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಣ್ಣ ಘಟಕಕ್ಕೆ ಇದು ಭಾರವಾದೀತು, ದೊಡ್ಡ ಘಟಕಕ್ಕೆ ಯಂತ್ರ ಕೂಡಿಸುವುದಕ್ಕಿಂತ ದಂಡ ಕಟ್ಟುವುದೇ ಹಗುರ ಎನಿಸಲೂಬಹುದು. ಆದರೆ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ಪರಿಸರಕ್ಕೆ ಆದ ಹಾನಿಗೆ ತಕ್ಕ ಪರಿಹಾರವನ್ನು ಮಾಲಿನ್ಯ ಮಾಡಿದವರಿಂದ ಮಂಡಳಿಗಳೇ ವಸೂಲು ಮಾಡಬಹುದೆಂದು ತೀರ್ಪು ಕೊಟ್ಟಿದೆ. ಹಾನಿಯನ್ನು ತೋರಿಸಿಕೊಡುವವರು ಬೇಕು, ಅಷ್ಟೆ. ಹೊಲದಲ್ಲಿ ನಿಂತವನಿಗಿಂತ ಚೆನ್ನಾಗಿ ತೋರಿಸುವವರು ಯಾರಿದ್ದಾರೆ?

ನೀವು ಮಾಡಬಹುದಾದದ್ದು

ಒಂದು: ದಿನಚರಿ ಇಡಿ. ಕೇಂದ್ರ ಸರಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ನಗರಗಳಿಗೆ ಮೀಸಲು. ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಅದರಲ್ಲಿವೆ. ಹಳ್ಳಿಯ ಗಾಳಿಗೆ ಹಳ್ಳಿಯವರೇ ಸಾಕ್ಷಿ. ವಾಸನೆ ಅಥವಾ ಹೊಗೆ ಬಂದ ತಾರೀಖು, ವೇಳೆ, ಗಾಳಿ ಬೀಸಿದ ದಿಕ್ಕು, ಕಣ್ಣುರಿ, ಕೆಮ್ಮು, ಎಲೆಯ ಮೇಲಿನ ಕಲೆ ಎಲ್ಲವನ್ನೂ ಬರೆದಿಡಿ. ವಾಸನೆ ರಾತ್ರಿ ಮತ್ತು ನಸುಕಿನಲ್ಲಿ ಹೆಚ್ಚು ಎಂಬ ಮಾತು ಕೇಳಿಬರುತ್ತದೆ. ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ, ಮೇಲಿನ ಬೆಚ್ಚನೆಯ ಪದರ ಮುಚ್ಚಳದ ಹಾಗೆ ಕೂಡುವುದರಿಂದ ಹೊಗೆ ಮೇಲೇರದೆ ಕೆಳಗೇ ಹರಡುತ್ತದೆ. ಸಂಜೆ ಒಲೆಯ ಹೊಗೆ ಊರ ಮೇಲೆ ಹಚ್ಚಡ ಹೊದಿಸಿದ ಹಾಗೆ ನಿಲ್ಲುವುದೂ ಇದರಿಂದಲೇ. ಆದರೆ ಬೇಸಿಗೆಯ ಗಾಳಿ ಬೀಸುವ ರಾತ್ರಿಯಲ್ಲೂ ಅದೇ ವೇಳೆಗೆ ವಾಸನೆ ಬಂದರೆ, ಅದು ಹವೆಯ ಕಾರಣ ಆಗಲಾರದು. ಇದನ್ನು ಬೇರ್ಪಡಿಸಿ ತೋರಿಸಲು ದಿನಚರಿ ಬೇಕು.

ಎರಡು: ಸಮ್ಮತಿ ಪತ್ರದ ಪ್ರತಿ ತರಿಸಿ. ಮಾಹಿತಿ ಹಕ್ಕಿನ ಅಡಿ 10 ರೂಪಾಯಿ ಶುಲ್ಕ ಕಟ್ಟಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಡಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಬೇಕು. 30 ದಿನಗಳಲ್ಲಿ ಉತ್ತರ ಬರಬೇಕು. ಪತ್ರದಲ್ಲಿರುವ ಷರತ್ತುಗಳನ್ನು ವಾಚನಾಲಯದಲ್ಲಿ ಗಟ್ಟಿಯಾಗಿ ಓದಿಸಿ, ಎಲ್ಲರಿಗೂ ತಿಳಿಯಲಿ.

ಮೂರು: ದೂರನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಮಂಡಳಿಯ ಬೀದರ್ ಕಚೇರಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ ಜೊತೆಗೆ ಲಗತ್ತಿಸಿ. ಆಗಲೂ ಕೆಲಸವಾಗದಿದ್ದರೆ, 2010ರ ಕಾಯಿದೆಯಂತೆ ಸ್ಥಾಪನೆಯಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೆ. ನಮಗೆ ಸಂಬಂಧಿಸಿದ ಪೀಠ ಚೆನ್ನೈಯಲ್ಲಿದೆ. ಮಾಲಿನ್ಯ ತಡೆಯುವಂತೆ ಕೇಳಲು ಕಾರಣ ಹುಟ್ಟಿದ 6 ತಿಂಗಳೊಳಗೆ, ನಷ್ಟ ಪರಿಹಾರ ಕೇಳಲು 5 ವರ್ಷದೊಳಗೆ ಅರ್ಜಿ ಹಾಕಬೇಕು. ಬಡವರಿಗೂ ಮಹಿಳೆಯರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ಕೊಡುತ್ತದೆ.

ನಾಲ್ಕು: ನಮ್ಮ ಹೊಗೆಯನ್ನೂ ನಾವೇ ಹಿಡಿಯೋಣ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚಿ, ಪಕ್ಕದ ಕಾರ್ಖಾನೆಯ ಹೊಗೆಯ ಮೇಲೆ ದೂರು ಕೊಟ್ಟರೆ ಕೇಳುವವರು ನಕ್ಕಾರು. ಒಂದು ಎಕರೆ ಕಬ್ಬಿನಿಂದ ಮೂರು ನಾಲ್ಕು ಟನ್ ರವದಿ ಬರುತ್ತದೆ. ಸುಟ್ಟರೆ ಅದರ ಸಾರಜನಕವೂ ಸಾವಯವ ಅಂಶವೂ ಗಾಳಿಪಾಲು. ಸಾಲು ಬಿಟ್ಟು ಸಾಲಿಗೆ ಹೊದಿಸಿದರೆ ಕೂಳೆ ಬೆಳೆಗೆ ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ. ಬೇಗ ಕೊಳೆಸುವ ವಿಧಾನವನ್ನು ಬೀದರ್ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿರಿ. ಮನೆಯೊಳಗಿನ ಒಲೆಯನ್ನೂ ಮರೆಯುವಂತಿಲ್ಲ. ಮೇಲೆ ಹೇಳಿದ 16.7 ಲಕ್ಷ ಸಾವುಗಳಲ್ಲಿ ಸುಮಾರು 6 ಲಕ್ಷ ಒಲೆಯ ಹೊಗೆಯಿಂದ ಆದವು. ಗ್ಯಾಸ್ ಸಿಲಿಂಡರ್ ಮೂಲೆಯಲ್ಲಿಟ್ಟು ತೊಗರಿ ಕಟ್ಟಿಗೆಯಲ್ಲೇ ಅಡುಗೆ ಮಾಡುವ ಮನೆಗಳಲ್ಲಿ, ಕನಿಷ್ಠ ಒಲೆಯ ಮೇಲೆ ಹೊಗೆ ಹೋಗಲು ಕೊಳವೆ ಇರಲಿ. ಒಲೆಯ ಮುಂದೆ ಕೂಡುವ ತಾಯಂದಿರು, ಅವರ ಮಡಿಲ ಕೂಸುಗಳು ಎಲ್ಲರಿಗಿಂತ ಹೆಚ್ಚು ಹೊಗೆ ಕುಡಿಯುತ್ತಾರೆ.

ಕೊನೆಯ ಮಾತು

ಬಸವಕಲ್ಯಾಣ ಕಾಯಕಕ್ಕೆ ಬೆಲೆ ಕಟ್ಟಿಕೊಟ್ಟ ನೆಲ. ಕಾರ್ಖಾನೆ ನಡೆಸುವುದೂ ಒಂದು ಕಾಯಕವೇ, ಅಲ್ಲಿ ನಮ್ಮ ಮಕ್ಕಳು ಬೆವರು ಸುರಿಸುವುದೂ ಕಾಯಕವೇ. ಅದನ್ನು ಮುಚ್ಚಿಸಬೇಕೆಂದು ಯಾರೂ ಕೇಳಬೇಕಾಗಿಲ್ಲ. ಹೊಗೆಯ ಹತ್ತಿರ ಎಂಟು ತಾಸು ನಿಲ್ಲುವವರು ಆ ಮಕ್ಕಳೇ ಆದ್ದರಿಂದ, ಸೋಸುವ ಯಂತ್ರದ ಮೊದಲ ಲಾಭವೂ ಅವರದೇ. ಸಮ್ಮತಿ ಪತ್ರದಲ್ಲಿ ಬರೆದುಕೊಟ್ಟಂತೆ ನಡೆಯಿರಿ, ಅಳತೆಯನ್ನು ಜನರಿಗೆ ತೋರಿಸಿರಿ ಎಂದಷ್ಟೇ ನಾವು ಕೇಳಬೇಕು. ಕೂಲಿಯೂ ಬೇಕು, ಉಸಿರೂ ಬೇಕು ಎನ್ನುವುದು ದುರಾಸೆಯಲ್ಲ. ಎರಡನ್ನೂ ಕೊಡಬಲ್ಲ ಕಾನೂನು 1981ರಿಂದಲೂ ನಮ್ಮ ಕೈಯಲ್ಲಿದೆ.

ಈ ವಾರ ವಾಚನಾಲಯದಲ್ಲಿ ಕೂಡಿದಾಗ ಒಂದು ಇನ್ನೂರು ಪುಟದ ನೋಟುಪುಸ್ತಕ ತರಿಸಿರಿ. ಮೊದಲ ಪುಟದ ಮೇಲೆ ಊರ ಹೆಸರು ಬರೆದು, ಗಾಳಿಯ ದಿನಚರಿಯನ್ನು ಅಂದೇ ಆರಂಭಿಸಿರಿ.